ನ್ಯೂಸ್‌ಗ್ರೂಪ್‌ನಲ್ಲಿ ಉತ್ತರ ಬಂದಿದೆಯಂತೆ, ನನಗೆ ಮಾತ್ರ ಕಾಣುತ್ತಿಲ್ಲ

ಹಳೇಓದುಗ:
ಎಲ್ಲರಿಗೂ ನಮಸ್ಕಾರ. ಒಂಬತ್ತು ದಿನದ ಹಿಂದೆ ಸಿ ಪ್ರೋಗ್ರಾಮಿಂಗ್ ಭಾಷೆಯ ನ್ಯೂಸ್‌ಗ್ರೂಪ್ ಒಂದಕ್ಕೆ (ಯೂಸ್‌ನೆಟ್ ಅನ್ನುವ ಹಳೆಯ ಚರ್ಚಾಜಾಲದ ಒಂದು ಗುಂಪು) ಪ್ರಶ್ನೆ ಕಳಿಸಿದೆ. ಹಳೆಯ ಪ್ರೋಗ್ರಾಂ ಒಂದು ಕಂಪೈಲ್ ಆಗುತ್ತಿರಲಿಲ್ಲ, ಅದರ ಬಗ್ಗೆ. ಕಳಿಸಿದ ಮೇಲೆ ನೋಡಿದರೆ ನನ್ನ ಪ್ರಶ್ನೆಯೇ ಪಟ್ಟಿಯಲ್ಲಿ ಇಲ್ಲ. ಹೋಗಿಲ್ಲವೇನೋ ಅಂತ ಮರುದಿನ ಮತ್ತೆ ಕಳಿಸಿದೆ, ಅದೂ ಇಲ್ಲ. ಮೂರನೇ ಸಲ ಸ್ವಲ್ಪ ಸಿಟ್ಟಿನಲ್ಲೇ ಕಳಿಸಿದೆ. ನಿನ್ನೆ ಗೆಳೆಯನೊಬ್ಬ ಫೋನ್ ಮಾಡಿ, 'ಏನಪ್ಪಾ, ಅಷ್ಟು ಜನ ಉತ್ತರ ಕೊಟ್ಟಿದ್ದಾರೆ, ನೀನು ಪತ್ತೆಯೇ ಇಲ್ಲವಲ್ಲ' ಅಂದ. ಅವನು ಬೇರೆ ಸರ್ವರ್‌ನಲ್ಲಿ ಓದುವವನು. ಅವನ ಪರದೆಯಲ್ಲಿ ನನ್ನ ಮೂರೂ ಪ್ರಶ್ನೆ ಇವೆ, ಕೆಳಗೆ ಐದು ಉತ್ತರ ಇವೆ.

ನನ್ನ ಪರದೆಯಲ್ಲಿ ಹಳೆಯ ಸಂದೇಶಗಳೆಲ್ಲ ಇವೆ. ಸುಮಾರು ಎರಡು ವಾರದಿಂದ ಈಚೆಗಿನದು ಒಂದೂ ಇಲ್ಲ. 'ಹೊಸ ಸಂದೇಶ ಇಲ್ಲ' ಅಂತ ಮಾತ್ರ ತೋರಿಸುತ್ತದೆ, ಎರರ್ ಏನೂ ಇಲ್ಲ. ನನ್ನದು ತುಂಬಾ ಹಳೆಯ ರೀಡರ್ (ಈ ಸಂದೇಶಗಳನ್ನು ಓದುವ ಪ್ರೋಗ್ರಾಂ), ಹೆಸರು ಹೇಳಿದರೆ ನಗುತ್ತೀರಿ, ಬಿಡಿ. ಆದರೆ ಹತ್ತಾರು ವರ್ಷದಿಂದ ಒಂದು ದಿನವೂ ಕೈಕೊಟ್ಟಿಲ್ಲ.

ಮರುಚಾಲನೆ:
ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ ಸರ್.

ಪೋರ್ಟ್119:
ದಯವಿಟ್ಟು ಅದನ್ನು ಮಾಡಬೇಡಿ. ಎಷ್ಟೋ ಸಲ ಪ್ರೋಗ್ರಾಂ ಹೊಸದಾಗುತ್ತದೆ, ಆದರೆ ಅದರ ಸೆಟ್ಟಿಂಗ್ ಫೈಲುಗಳು ಹಳೆಯವೇ ಉಳಿಯುತ್ತವೆ, ತೊಂದರೆಯೂ ಅಲ್ಲೇ ಉಳಿಯುತ್ತದೆ. ಅವೂ ಅಳಿಸಿಹೋದರೆ ಇನ್ನೂ ಕಷ್ಟ, ಏನಾಗಿತ್ತು ಅಂತ ಕಂಡುಹಿಡಿಯಲು ಸಾಕ್ಷಿಯೇ ಇರುವುದಿಲ್ಲ.

ಸಂದೇಶ ಕಾಣುತ್ತಿಲ್ಲ ಅಂದರೆ ಮೂರರಲ್ಲಿ ಒಂದು. ನಿಮ್ಮ ಸರ್ವರ್‌ಗೆ ಅದು ಬಂದೇ ಇಲ್ಲ. ಅಥವಾ ಬಂದಿದೆ, ನಿಮ್ಮ ರೀಡರ್ ಇಳಿಸಿಕೊಂಡಿಲ್ಲ. ಅಥವಾ ಇಳಿಸಿಕೊಂಡಿದೆ, ನಿಮಗೆ ತೋರಿಸುತ್ತಿಲ್ಲ. ಯಾವುದು ಅಂತ ಗೊತ್ತಾಗದೆ ಯಾವ ಬಟನ್ನೂ ಒತ್ತಬೇಡಿ. ಮೊದಲು ಕೊನೆಯದನ್ನು ನೋಡೋಣ, ಅದು ಸುಲಭ. 'ಓದದವು ಮಾತ್ರ' ಅಂತ ಏನಾದರೂ ಆರಿಸಿದ್ದೀರಾ? ಕಿಲ್‌ಫೈಲ್, ಅಂದರೆ ಬೇಡದವರ ಸಂದೇಶ ಮರೆಮಾಡುವ ಪಟ್ಟಿ, ಇದೆಯಾ?

ಹಳೇಓದುಗ:
'ಎಲ್ಲವನ್ನೂ ತೋರಿಸು' ಅಂತಲೇ ಇದೆ. ಕಿಲ್‌ಫೈಲ್‌ನಲ್ಲಿ ಎರಡು ಹೆಸರು ಇವೆ, ಅವರಿಬ್ಬರೂ ಬರೆಯುವುದು ಬಿಟ್ಟು ಎಷ್ಟೋ ವರ್ಷ ಆಯಿತು. ಅಳಿಸಿಯೂ ನೋಡಿದೆ, ಏನೂ ಬದಲಾಗಲಿಲ್ಲ.

ಸಣ್ಣಅಕ್ಷರ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೂ ಹೀಗೇ ಆಗಿದೆ, ಆದರೆ ಸ್ವಲ್ಪ ಬೇರೆ. ನಾನು ಥಂಡರ್‌ಬರ್ಡ್‌ನಲ್ಲಿ ಓದುವುದು. ಒಂದು ಉದ್ದದ ಚರ್ಚೆ ಇತ್ತು, ಮೊನ್ನೆ ಇದ್ದದ್ದು ಇವತ್ತು ಮಂಗಮಾಯ. ಬೇರೆ ಚರ್ಚೆಗಳೆಲ್ಲ ಸರಿಯಾಗಿವೆ. ಸರ್ವರ್‌ನವರು ತೆಗೆದುಹಾಕಿದ್ದಾರಾ?

ಪೋರ್ಟ್119:
ಮೇಡಂ, ಮೆನುವಿನಲ್ಲಿ ವ್ಯೂ, ಅದರಲ್ಲಿ ಥ್ರೆಡ್ಸ್, ಅದರೊಳಗೆ 'ಇಗ್ನೋರ್ಡ್ ಥ್ರೆಡ್ಸ್' ಅಂತ ಇದೆ. ಅದಕ್ಕೆ ಟಿಕ್ ಹಾಕಿ ನೋಡಿ.

ಸಣ್ಣಅಕ್ಷರ:
ಅಯ್ಯೋ, ಬಂತು! ಪಕ್ಕದಲ್ಲಿ ಒಂದು ಸಣ್ಣ ಗುರುತು ಇದೆ. ಆದರೆ ನಾನು ಯಾವತ್ತೂ ಇಗ್ನೋರ್ ಅಂತ ಒತ್ತಿಲ್ಲವಲ್ಲ?

ಪೋರ್ಟ್119:
ಒತ್ತಿದ್ದೀರಿ, ಗೊತ್ತಾಗದೆ. ಅದರಲ್ಲಿ ಬರೀ 'ಕೆ' ಅಕ್ಷರ ಒತ್ತಿದರೆ ಆ ಇಡೀ ಚರ್ಚೆ ಕಡೆಗಣನೆಗೆ ಹೋಗುತ್ತದೆ. ಕಂಟ್ರೋಲ್ ಬೇಡ, ಆಲ್ಟ್ ಬೇಡ. ಹುಡುಕುವ ಜಾಗದಲ್ಲಿ ಕರ್ಸರ್ ಇದೆ ಅಂದುಕೊಂಡು ಏನನ್ನಾದರೂ ಟೈಪ್ ಮಾಡಿದ್ದಿರಾ?

ಸಣ್ಣಅಕ್ಷರ:
'ಕರ್ನೆಲ್' ಅಂತ ಇಂಗ್ಲಿಷಿನಲ್ಲಿ ಹುಡುಕಲು ಹೋಗಿದ್ದೆ!

ಪೋರ್ಟ್119:
ಸರಿಹೋಯಿತು. ಮೊದಲ ಅಕ್ಷರ 'ಕೆ', ಚರ್ಚೆ ಮಾಯ. ಮುಂದೆ 'ಆರ್' ಇದೆ, ಅದು ಇಡೀ ಚರ್ಚೆಯನ್ನು ಓದಿದ್ದು ಅಂತ ಗುರುತು ಹಾಕುವ ಕೀ. ಆಮೇಲೆ 'ಎನ್', ಮುಂದಿನ ಓದದ ಸಂದೇಶಕ್ಕೆ ಹಾರುವುದು. ಒಂದು ಪದ ಟೈಪ್ ಮಾಡಿ ಮೂರು ಕೆಲಸ ಮಾಡಿದ್ದೀರಿ. ಆ ಚರ್ಚೆಯ ಮೇಲೆ ನಿಂತು ಇನ್ನೊಮ್ಮೆ 'ಕೆ' ಒತ್ತಿ, ವಾಪಸ್ ಬರುತ್ತದೆ. ಓದಿದ ಗುರುತನ್ನು ಬೇಕಿದ್ದರೆ ನೀವೇ ತೆಗೆಯಬೇಕು.

ಇನ್ನೊಂದು ವಿಷಯ. ಥಂಡರ್‌ಬರ್ಡ್‌ನಲ್ಲಿ 500ಕ್ಕಿಂತ ಜಾಸ್ತಿ ಸಂದೇಶ ಇಳಿಸಬೇಕಾದಾಗ 'ಎಲ್ಲವೂ ಬೇಕಾ, 500 ಸಾಕಾ' ಅಂತ ಕೇಳುತ್ತದೆ. ಅಲ್ಲೇ 'ಉಳಿದದ್ದನ್ನು ಓದಿದ್ದು ಅಂತ ಗುರುತು ಹಾಕು' ಅಂತ ಒಂದು ಪುಟ್ಟ ಪೆಟ್ಟಿಗೆ ಇದೆ. ಅದಕ್ಕೆ ಟಿಕ್ ಹಾಕಿ ಸರಿ ಅಂದರೆ ಉಳಿದವನ್ನು ಅದು ತಾನಾಗಿ ಹೊಸದು ಅಂತ ತೋರಿಸುವುದಿಲ್ಲ. ಎಷ್ಟೋ ಜನ ಅಲ್ಲೇ ಎಡವುತ್ತಾರೆ.

ಹಳೇಓದುಗ ಸರ್, ನಿಮ್ಮದಕ್ಕೆ ಬರೋಣ. ಸರ್ವರ್ ಜೊತೆ ನೇರವಾಗಿ ಮಾತಾಡಿಬಿಡಿ. ಟೆಲ್‌ನೆಟ್‌ನಿಂದ (ಸರ್ವರ್‌ಗೆ ನೇರವಾಗಿ ಆದೇಶ ಬರೆದು ಕಳಿಸುವ ಸಾಧನ) ಸರ್ವರ್‌ನ 119ನೇ ಪೋರ್ಟ್‌ಗೆ, ಅಂದರೆ ಅದರ ಮಾಮೂಲಿ ಬಾಗಿಲಿಗೆ, ಹೋಗಿ. 563 ಮಾತ್ರ ಕೊಟ್ಟಿದ್ದರೆ ಅದು ಗುಪ್ತಲಿಪಿಯ ದಾರಿ, ಅದಕ್ಕೆ ಓಪನ್‌ಎಸ್‌ಎಸ್‌ಎಲ್ ಅನ್ನುವ ಸಾಧನ ಬೇಕು. 200 ಅಥವಾ 201 ಅಂತ ಸ್ವಾಗತ ಬರುತ್ತದೆ. 480 ಅಂದರೆ ಮೊದಲು ಹೆಸರು, ಪಾಸ್‌ವರ್ಡ್ ಕೊಡಬೇಕು. ಆಮೇಲೆ 'ಗ್ರೂಪ್' ಅಂತ ಬರೆದು, ಒಂದು ಜಾಗ ಬಿಟ್ಟು ಗುಂಪಿನ ಹೆಸರು ಬರೆಯಿರಿ. ಏನು ಬರುತ್ತದೋ ಹಾಗೇ ಇಲ್ಲಿ ಹಾಕಿ.

ಹಳೇಓದುಗ:
ಬಂತು. 211, ಆಮೇಲೆ 1834, 52, 1891, ಕೊನೆಗೆ ಗುಂಪಿನ ಹೆಸರು. ಇದೇನು ಲಾಟರಿ ಸಂಖ್ಯೆಯಾ?

ಪೋರ್ಟ್119:
211 ಅಂದರೆ ಗುಂಪು ಇದೆ, ಸರಿಯಾಗಿದೆ. ಇಲ್ಲದಿದ್ದರೆ 411 ಬರುತ್ತಿತ್ತು. 1834 ಅಂದರೆ ಅಂದಾಜು ಅಷ್ಟು ಸಂದೇಶ ಇವೆ. 52 ಅತಿ ಚಿಕ್ಕ ಸಂಖ್ಯೆ, 1891 ಅತಿ ದೊಡ್ಡದು. ಈಗ ನಿಮ್ಮ ರೀಡರ್‌ನ ನ್ಯೂಸ್‌ಆರ್‌ಸಿ ಫೈಲ್ ತೆಗೆದು ಈ ಗುಂಪಿನ ಸಾಲು ಏನಿದೆ ಹೇಳಿ. ಯಾವ ಗುಂಪಿನಲ್ಲಿ ಎಲ್ಲಿಯವರೆಗೆ ಓದಿದ್ದೀರಿ ಅಂತ ರೀಡರ್ ಬರೆದಿಡುವುದು ಅದರಲ್ಲೇ. ಅದು ಬರೀ ಪಠ್ಯದ ಫೈಲ್, ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ.

ಹಳೇಓದುಗ:
ಗುಂಪಿನ ಹೆಸರು, ಕೋಲನ್, ಆಮೇಲೆ 1-48210. ಅಷ್ಟೇ.

ಪೋರ್ಟ್119:
ಸಿಕ್ಕಿತು ನೋಡಿ ಕಳ್ಳ.

ನ್ಯೂಸ್‌ಗ್ರೂಪ್ ಸಂದೇಶಕ್ಕೆ ಎರಡು ಗುರುತು ಇರುತ್ತವೆ. ಒಂದು ಮೆಸೇಜ್ ಐಡಿ, ಅದು ಪ್ರಪಂಚದ ಯಾವ ಸರ್ವರ್‌ಗೆ ಹೋದರೂ ಒಂದೇ. ಇನ್ನೊಂದು ಕ್ರಮಸಂಖ್ಯೆ. ಅದನ್ನು ಪ್ರತಿ ಸರ್ವರ್ ತನಗೆ ಬಂದ ಹಾಗೆ ತಾನೇ ಕೊಡುತ್ತದೆ. ನಿಮ್ಮ ಸರ್ವರ್‌ನ 1500 ಬೇರೆ, ನಿಮ್ಮ ಗೆಳೆಯರ ಸರ್ವರ್‌ನ 1500 ಬೇರೆ. ರೀಡರ್ ಓದಿದ್ದನ್ನು ನೆನಪಿಡುವುದು ಈ ಕ್ರಮಸಂಖ್ಯೆಯಿಂದ. ನಿಮ್ಮ ರೀಡರ್ 48210ರವರೆಗೆ ಓದಿ ಆಗಿದೆ ಅಂದುಕೊಂಡಿದೆ. ಸರ್ವರ್ 1891 ಅನ್ನುತ್ತಿದೆ. 1891ಕ್ಕಿಂತ 48210 ದೊಡ್ಡದು, ಹಾಗಾಗಿ ಹೊಸದೇನೂ ಇಲ್ಲ ಅಂತ ಅದು ಕೈ ಕಟ್ಟಿ ಕೂತಿದೆ. ಅದರ ಲೆಕ್ಕ ತಪ್ಪಲ್ಲ ಪಾಪ.

ಸರ್ವರ್‌ನವರು ಎರಡು ವಾರದ ಹಿಂದೆ ಏನೋ ಮಾಡಿದ್ದಾರೆ. ಡಿಸ್ಕ್ ಬದಲಿಸಿರಬಹುದು, ಹೊಸ ಯಂತ್ರಕ್ಕೆ ಹೋಗಿರಬಹುದು. ಎಣಿಕೆ ಮತ್ತೆ ಒಂದರಿಂದ ಶುರುವಾಗಿದೆ.

ಹಳೇಓದುಗ:
ಹೌದು! ಆ ವಾರ ಒಂದು ದಿನ ಸರ್ವರ್ ಬಂದ್ ಇತ್ತು. ಬದಲಾವಣೆ ಅಂತ ಮೇಲ್ ಕೂಡ ಬಂದಿತ್ತು, ನಾನು ಓದದೇ ಬಿಟ್ಟೆ.

ತಂತಿಮನೆ:
ಕ್ರಮಸಂಖ್ಯೆ ಹಿಂದಕ್ಕೆ ಹೋಗಬಾರದು ಅಂತ ಎನ್‌ಎನ್‌ಟಿಪಿ (ರೀಡರ್ ಮತ್ತು ಸರ್ವರ್ ಮಾತಾಡುವ ಪದ್ಧತಿ) ನಿಯಮದಲ್ಲೇ ಇದೆ. 1986ರ ಮೊದಲ ಆವೃತ್ತಿಯ ಜಾಗಕ್ಕೆ 2006ರಲ್ಲಿ ಆರ್‌ಎಫ್‌ಸಿ 3977 ಅನ್ನುವ ನಿಯಮದ ದಾಖಲೆ ಬಂತು, ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಯಂತ್ರ ಕೆಟ್ಟು ಮತ್ತೆ ಕಟ್ಟುವಾಗ ಹಳೆಯ ಎಣಿಕೆ ಉಳಿಸಿಕೊಳ್ಳಬೇಕು ಅಂತ ಎಲ್ಲರಿಗೂ ನೆನಪಾಗುವುದಿಲ್ಲ. ಇದು ಸರ್ವರ್ ಕಡೆಯ ತಪ್ಪು, ನಿಮ್ಮ ರೀಡರ್‌ದಲ್ಲ. ಹಳೆಯದು ಅಂತ ಸುಮ್ನೆ ಬೈಸಿಕೊಳ್ಳುತ್ತಿತ್ತು.

ಮರುಚಾಲನೆ:
ಗೂಗಲ್ ಗ್ರೂಪ್ಸ್‌ನಲ್ಲಿ ನೋಡಿದರೆ ಆಯಿತಲ್ಲ, ಇಷ್ಟೆಲ್ಲ ಯಾಕೆ?

ತಂತಿಮನೆ:
ಗುರುಗಳೇ, 2024ರ ಫೆಬ್ರವರಿ 22ಕ್ಕೇ ಅಲ್ಲಿ ಯೂಸ್‌ನೆಟ್ ನಿಂತಿತು. ಅದಕ್ಕಿಂತ ಹಿಂದಿನದನ್ನು ಹುಡುಕಿ ಓದಬಹುದು, ಹೊಸದು ಬರುವುದಿಲ್ಲ.

ಹಳೇಓದುಗ:
ಸರಿ, ಆ 48210 ಅಳಿಸಿದೆ, ಫೈಲ್ ಸೇವ್ ಮಾಡಿದೆ. ರೀಡರ್ ಮುಚ್ಚಿ ತೆರೆದೆ. ಏನೂ ಆಗಲಿಲ್ಲ. ಫೈಲ್ ತೆರೆದು ನೋಡಿದರೆ 1-48210 ಮತ್ತೆ ಅಲ್ಲೇ ಕೂತಿದೆ! ದೆವ್ವ ಇದೆಯಾ ಇದರಲ್ಲಿ?

ಪೋರ್ಟ್119:
ರೀಡರ್ ತೆರೆದಿಟ್ಟುಕೊಂಡು ಫೈಲ್ ತಿದ್ದಿದಿರಿ ಅಲ್ವಾ? ಅದು ಶುರುವಾಗುವಾಗ ಫೈಲನ್ನು ಒಮ್ಮೆ ಓದಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ, ಮುಚ್ಚುವಾಗ ತನ್ನ ಮನಸ್ಸಿನಲ್ಲಿರುವುದನ್ನೇ ಮತ್ತೆ ಬರೆಯುತ್ತದೆ. ಮೊದಲೇ ಹೇಳಬೇಕಿತ್ತು, ನನ್ನ ತಪ್ಪು. ರೀಡರ್ ಪೂರ್ತಿ ಮುಚ್ಚಿ. ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಆಮೇಲೆ ಕೋಲನ್ ನಂತರದ ಸಂಖ್ಯೆಗಳನ್ನು ಮಾತ್ರ ತೆಗೆಯಿರಿ, ಕೋಲನ್ ಇರಲಿ. ಅದರ ಜಾಗದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬಂದರೆ ಆ ಗುಂಪಿನ ಚಂದಾ ಬಿಟ್ಟ ಹಾಗೆ.

ಹಳೇಓದುಗ:
ಬಂತು ಬಂತು ಬಂತು! 1834 ಸಂದೇಶ ಒಟ್ಟಿಗೆ ಸುರಿಯಿತು. ನನ್ನ ಮೂರು ಪ್ರಶ್ನೆಯೂ ಇವೆ, ನೋಡಿ ನಾಚಿಕೆಯಾಯಿತು. ಆದರೆ ಈಗ ಇನ್ನೊಂದು ತಮಾಷೆ. 'ಪಾಯಿಂಟರ್ ಬಗ್ಗೆ' ಅನ್ನುವ ತಲೆಬರಹ ಒತ್ತಿದರೆ ಒಳಗೆ ಯಾರೋ ಹಬ್ಬದ ಶುಭಾಶಯ ಹೇಳುತ್ತಿದ್ದಾರೆ. ಇನ್ನೊಂದನ್ನು ಒತ್ತಿದರೆ ಹತ್ತು ವರ್ಷದ ಹಿಂದಿನ ಜಗಳ. ಕೆಲವು ಮಾತ್ರ ಸರಿಯಾಗಿ ತೆರೆಯುತ್ತವೆ.

ಪೋರ್ಟ್119:
ಹಹಾ, ಇದು ನನಗೂ ತಕ್ಷಣ ಹೊಳೆಯಲಿಲ್ಲ. ನಿಮ್ಮ ರೀಡರ್ ಹಿಂದೆ ಓದಿದ ಸಂದೇಶಗಳನ್ನು ಡಿಸ್ಕ್‌ನಲ್ಲಿ ಇಟ್ಟುಕೊಂಡಿದೆ, ಅದೂ ಕ್ರಮಸಂಖ್ಯೆಯ ಹೆಸರಿನಲ್ಲೇ. ಈಗ ಹೊಸ ಎಣಿಕೆಯ 900 ಬೇಕು ಅಂದರೆ 'ನನ್ನ ಹತ್ತಿರ 900 ಇದೆಯಲ್ಲ' ಅಂತ ಹಳೆಯ 900 ತಂದು ಕೊಡುತ್ತಿದೆ. ಹಳೆಯ ಮನೆ ನಂಬರಿಗೆ ಹೊಸ ಬಾಡಿಗೆದಾರರು ಬಂದ ಹಾಗೆ. ಈ ಗುಂಪಿನ ಕ್ಯಾಶ್ ಫೋಲ್ಡರ್ ಖಾಲಿ ಮಾಡಬೇಕು. ಹಳೆಯ ಸಂದೇಶಗಳು ಬೇಕಿದ್ದರೆ ಮೊದಲು ಬೇರೆ ಕಡೆ ನಕಲು ಮಾಡಿ. ಈ ಸರ್ವರ್‌ನಲ್ಲಿ ಅವು ಇನ್ನು ಇರಲಿಕ್ಕಿಲ್ಲ.

ಕಡತಪ್ರೇಮಿ:
ದಯವಿಟ್ಟು ನಕಲು ಮಾಡಿಟ್ಟುಕೊಳ್ಳಿ ಸರ್. ಹತ್ತಾರು ವರ್ಷದ ಚರ್ಚೆ ಒಬ್ಬರ ಡಿಸ್ಕ್‌ನಲ್ಲಿ ಸಿಗುವುದು ಸುಲಭವಲ್ಲ. ಅಳಿಸುವ ಮೊದಲು ಎರಡು ಸಲ ಯೋಚಿಸಿ.

ಹಳೇಓದುಗ:
ಫೋಲ್ಡರ್ ಹೆಸರು ಬದಲಿಸಿ ಪಕ್ಕಕ್ಕಿಟ್ಟೆ, ಅಳಿಸಿಲ್ಲ. ಈಗ ಎಲ್ಲ ಸರಿಯಾಗಿ ತೆರೆಯುತ್ತಿದೆ. ಉಳಿದ ಹನ್ನೊಂದು ಗುಂಪುಗಳಲ್ಲೂ ಇದೇ ಕಥೆ ಆಗಿತ್ತು. ಅಲ್ಲೆಲ್ಲ ಎರಡು ವಾರದಿಂದ ಯಾರೂ ಬರೆಯುತ್ತಿಲ್ಲ, ಯೂಸ್‌ನೆಟ್ ಸತ್ತೇ ಹೋಯಿತು ಅಂತ ದುಃಖಪಡುತ್ತಿದ್ದೆ.

ಒಂದು ಬಾಕಿ. ಗೆಳೆಯ ಹೇಳಿದ್ದು ಐದು ಉತ್ತರ. ನನಗೆ ಕಾಣುವುದು ನಾಲ್ಕು. ಆ ನಾಲ್ಕರಲ್ಲಿ ಇಬ್ಬರು ಯಾರೋ ಏನೋ ಕೇಳಿದ್ದಕ್ಕೆ ಉತ್ತರ ಕೊಡುತ್ತಿರುವ ಹಾಗಿದೆ, ಆ ಕೇಳಿದವರೇ ಇಲ್ಲ.

ನಿಧಾನಿ:
ಕ್ರಾಸ್‌ಪೋಸ್ಟ್ ಇರಬಹುದಾ? ಒಂದೇ ಸಂದೇಶ ಎರಡು ಗುಂಪಿಗೆ ಹೋಗಿದ್ದರೆ, ಒಂದು ಕಡೆ ಓದಿದಾಗ ಇನ್ನೊಂದು ಕಡೆಯೂ ಓದಿದ್ದು ಅಂತ ಗುರುತು ಬೀಳುತ್ತದೆ. ಎಕ್ಸ್‌ರೆಫ್ ಅನ್ನುವ ತಲೆಸಾಲಿನಿಂದ (ಸಂದೇಶದ ಮೇಲ್ಗಡೆ ಇರುವ ವಿವರದ ಸಾಲು) ರೀಡರ್‌ಗೆ ಅದು ಗೊತ್ತಾಗುತ್ತದೆ. ನಾನು ಒಮ್ಮೆ ಅರ್ಧ ದಿನ ಹುಡುಕಿದ್ದೆ.

ಹಳೇಓದುಗ:
ಎಲ್ಲವನ್ನೂ ತೋರಿಸು ಅಂತಲೇ ಇಟ್ಟಿದ್ದೇನಲ್ಲ, ಓದಿದ್ದೂ ಕಾಣುತ್ತದೆ. ಅದಲ್ಲ.

ಪೋರ್ಟ್119:
ಹಾಗಾದರೆ ಮೊದಲನೆಯ ಸಾಧ್ಯತೆ: ಸರ್ವರ್‌ಗೆ ಬಂದೇ ಇಲ್ಲ. ಖಚಿತ ಮಾಡಿಕೊಳ್ಳಿ. ಆ ಇಬ್ಬರಲ್ಲಿ ಒಬ್ಬರ ಉತ್ತರದ ಪೂರ್ತಿ ತಲೆಸಾಲುಗಳನ್ನು ತೆರೆಯಿರಿ. ರೆಫರೆನ್ಸಸ್ ಅಂತ ಒಂದು ಸಾಲು ಇರುತ್ತದೆ. ಅದರಲ್ಲಿ ಈ ಚರ್ಚೆಯ ಹಿಂದಿನ ಸಂದೇಶಗಳ ಐಡಿಗಳು ಸಾಲಾಗಿ ಇರುತ್ತವೆ. ಕೊನೆಯದು ಅವರು ನೇರವಾಗಿ ಉತ್ತರಿಸಿದ ಸಂದೇಶ. ಅದನ್ನು ಕೋನ ಕಂಸದ ಸಮೇತ ನಕಲು ಮಾಡಿ, ಟೆಲ್‌ನೆಟ್‌ನಲ್ಲಿ 'ಸ್ಟ್ಯಾಟ್' ಅಂತ ಬರೆದು ಅದರ ಮುಂದೆ ಹಾಕಿ. 223 ಬಂದರೆ ಸರ್ವರ್‌ನಲ್ಲಿ ಇದೆ. 430 ಬಂದರೆ ಇಲ್ಲ.

ನಿಮ್ಮ ಗೆಳೆಯರಿಗೂ ಅದೇ ಐಡಿ ಕೊಟ್ಟು ಅವರ ಸರ್ವರ್‌ನಲ್ಲಿ ಕೇಳಲು ಹೇಳಿ. ಕ್ರಮಸಂಖ್ಯೆ ಕೊಡಬೇಡಿ, ಅಲ್ಲಿ ಅದಕ್ಕೆ ಅರ್ಥ ಇಲ್ಲ.

ಹಳೇಓದುಗ:
ನನ್ನಲ್ಲಿ 430. ಅವನಲ್ಲಿ 223.

ಸಣ್ಣಅಕ್ಷರ:
ಇದು ನನಗೆ ಅರ್ಥ ಆಗುತ್ತಿಲ್ಲ. ಒಂದೇ ಗುಂಪು ಅಂದಮೇಲೆ ಎಲ್ಲ ಸರ್ವರ್‌ನಲ್ಲೂ ಒಂದೇ ಇರಬೇಕಲ್ವಾ?

ತಂತಿಮನೆ:
ಇರಬೇಕು ಅಂತ ನಮ್ಮ ಆಸೆ. ಆದರೆ ಯೂಸ್‌ನೆಟ್‌ಗೆ ನಡುಮನೆ ಅಂತ ಒಂದಿಲ್ಲ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳಿಗೆ ಇದರ ಯೋಚನೆ ಬಂದಾಗ ಯಂತ್ರಗಳು ಫೋನ್ ತಂತಿಯ ಮೇಲೆ ಒಂದಕ್ಕೊಂದು ಕರೆ ಮಾಡಿ ಫೈಲ್ ದಾಟಿಸುತ್ತಿದ್ದವು. ಇವತ್ತಿಗೂ ಲೆಕ್ಕ ಅದೇ. ನೀವು ಬರೆದದ್ದು ನಿಮ್ಮ ಸರ್ವರ್‌ಗೆ, ಅದು ಪಕ್ಕದವರಿಗೆ, ಅವರು ಅವರ ಪಕ್ಕದವರಿಗೆ. ಬಾಯಿಂದ ಬಾಯಿಗೆ ಸುದ್ದಿ ಹೋದ ಹಾಗೆ, ಆದರೆ ಮಾತು ಬದಲಾಗದೆ. ಯಾವ ದಾರಿಯಲ್ಲಿ ಬಂತು ಅಂತ ಪಾತ್ ಅನ್ನುವ ತಲೆಸಾಲಿನಲ್ಲಿ ಸರ್ವರ್‌ಗಳ ಹೆಸರು ಸಾಲಾಗಿ ಇರುತ್ತವೆ, ಓದಲು ಮಜಾ ಇರುತ್ತದೆ.

ನಡುವೆ ಯಾರು ಬೇಕಾದರೂ 'ಇದು ನನಗೆ ಬೇಡ' ಅನ್ನಬಹುದು. ಸ್ಪ್ಯಾಮ್ ಶೋಧಕ ಇದೆ, ಗಾತ್ರದ ಮಿತಿ ಇದೆ, ಒಂದು ಸಂದೇಶ ಎಷ್ಟು ಗುಂಪಿಗೆ ಹೋಗಬಹುದು ಅನ್ನುವ ಮಿತಿ ಇದೆ. ಪ್ರತಿ ಸರ್ವರ್‌ಗೂ ಅದರದೇ ನಿಯಮ. ಹಾಗಾಗಿ ಒಂದು ಉತ್ತರ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು ಮಾಮೂಲಿ. ಹಳೆಯದಾದರೆ ಅವಧಿ ಮುಗಿದು ಹೋಗಿರಬಹುದು, ಆದರೆ ಒಂಬತ್ತು ದಿನಕ್ಕೆ ಹಾಗಾಗಲಿಕ್ಕಿಲ್ಲ.

ಪೋರ್ಟ್119:
ಸರ್ವರ್ ನೋಡಿಕೊಳ್ಳುವವರಿಗೆ ಬರೆಯಿರಿ. 'ಸಂದೇಶ ಕಾಣುತ್ತಿಲ್ಲ' ಅಂತ ಮಾತ್ರ ಬರೆದರೆ ರೀಡರ್ ಮುಚ್ಚಿ ತೆರೆಯಿರಿ ಅನ್ನುತ್ತಾರೆ. ಐಡಿ ಕೊಡಿ, 430 ಬಂತು ಅನ್ನಿ, ಬೇರೆ ಸರ್ವರ್‌ನಲ್ಲಿ ಇದೆ ಅನ್ನಿ. ಹಾಗೆ ಕೇಳಿದರೆ ಅವರು ಲಾಗ್‌ನಲ್ಲಿ ಹುಡುಕುವುದು ಸುಲಭ. ಎಣಿಕೆ ಒಂದರಿಂದ ಶುರುವಾದ ವಿಷಯವನ್ನೂ ಅದರಲ್ಲೇ ಹೇಳಿಬಿಡಿ, ಬೇರೆಯವರೂ ಸುಮ್ಮನೆ ಕಾಯುತ್ತಾ ಕೂತಿರಬಹುದು.

ಹಳೇಓದುಗ:
ಬರೆದೆ. ಇನ್ನೊಂದು ಪ್ರಶ್ನೆ, ಆ ಮೂರರಲ್ಲಿ ಎರಡು ಪ್ರಶ್ನೆಗಳನ್ನು ಅಳಿಸಬಹುದಾ? ನನ್ನ ರೀಡರ್‌ನಲ್ಲಿ ಕ್ಯಾನ್ಸಲ್ ಅಂತ ಇದೆ.

ತಂತಿಮನೆ:
ಒತ್ತಬಹುದು, ಫಲ ಸಿಗುತ್ತದೆ ಅಂತ ನಂಬಬೇಡಿ. ಕ್ಯಾನ್ಸಲ್ ಅನ್ನುವುದೂ ಒಂದು ಸಂದೇಶವೇ, ಅದೂ ಬಾಯಿಂದ ಬಾಯಿಗೇ ಹೋಗಬೇಕು. ಒಂದು ಕಾಲದಲ್ಲಿ ಯಾರದ್ದೋ ಹೆಸರಿನಲ್ಲಿ ಯಾರೋ ಕ್ಯಾನ್ಸಲ್ ಕಳಿಸಿ ತುಂಬಾ ಗಲಾಟೆ ಆಗಿ, ಎಷ್ಟೋ ಸರ್ವರ್‌ಗಳು ಅದನ್ನು ಕೇಳುವುದನ್ನೇ ಬಿಟ್ಟವು. ಕ್ಯಾನ್ಸಲ್ ಲಾಕ್ ಅಂತ ಬೀಗ ಹಾಕುವ ಪದ್ಧತಿ ಇದೆ, 2018ರಲ್ಲಿ ಆರ್‌ಎಫ್‌ಸಿ 8315 ಆಗಿ ಬಂತು. ನಿಮ್ಮ ಪ್ರಶ್ನೆಗೆ ಕಳಿಸುವಾಗಲೇ ಆ ಬೀಗ ಬಿದ್ದಿದ್ದರೆ, ಅದನ್ನು ಮಾನ್ಯ ಮಾಡುವ ಸರ್ವರ್‌ಗಳಲ್ಲಿ ಅಳಿಯುತ್ತದೆ. ಉಳಿದ ಕಡೆ ಹಾಗೇ ಇರುತ್ತದೆ.

ನನ್ನನ್ನು ಕೇಳಿದರೆ ಬಿಟ್ಟುಬಿಡಿ. ಒಂದರ ಕೆಳಗೆ 'ನನ್ನ ರೀಡರ್ ಕೆಟ್ಟಿತ್ತು, ಮೂರು ಸಲ ಹೋಗಿದೆ, ಕ್ಷಮಿಸಿ' ಅಂತ ಒಂದು ಸಾಲು ಹಾಕಿ.

ಕಡತಪ್ರೇಮಿ:
ಇನ್ನು ಮುಂದೆ ಕಳಿಸಿದ್ದು ಕಾಣದಿದ್ದರೆ, ಮತ್ತೆ ಕಳಿಸುವ ಮೊದಲು ಕಳಿಸಿದವುಗಳ ಪೆಟ್ಟಿಗೆಯಿಂದ ಐಡಿ ತೆಗೆದು ಸ್ಟ್ಯಾಟ್ ಮಾಡಿ ನೋಡಿ. ಅರ್ಧ ನಿಮಿಷದ ಕೆಲಸ. ಇನ್ನೊಂದು, ಕೆಲವು ಗುಂಪುಗಳಿಗೆ ಮಾಡರೇಟರ್ ಇರುತ್ತಾರೆ. ಅಲ್ಲಿ ನಿಮ್ಮ ಸಂದೇಶ ಮೊದಲು ಮೇಲ್ ಆಗಿ ಅವರ ಹತ್ತಿರ ಹೋಗುತ್ತದೆ, ಅವರು ಒಪ್ಪಿದ ಮೇಲೆಯೇ ಗುಂಪಿಗೆ ಬರುತ್ತದೆ. ಅಲ್ಲಿ ಒಂದೆರಡು ದಿನ ಕಾಣದಿದ್ದರೆ ಏನೂ ಕೆಟ್ಟಿಲ್ಲ.

ಹಳೇಓದುಗ:
ಸರ್ವರ್‌ನವರಿಂದ ಉತ್ತರ ಬಂತು, ಪಾಪ ತುಂಬಾ ಸೌಜನ್ಯದಿಂದ ಬರೆದಿದ್ದಾರೆ. ಎಣಿಕೆ ಬದಲಾದದ್ದು ನಿಜವಂತೆ, ಡಿಸ್ಕ್ ಹೋಗಿ ಎಲ್ಲ ಹೊಸದಾಗಿ ಕಟ್ಟಿದರಂತೆ. ಆ ಐದನೇ ಉತ್ತರದ ವಿಷಯ ಏನೆಂದರೆ, ಬರೆದವರು ಹೆಚ್ಚು ಜನ ನೋಡಲಿ ಅಂತ ಇನ್ನೂ ಏಳು ಗುಂಪಿನ ಹೆಸರು ಸೇರಿಸಿದ್ದರು. ಒಂದು ಸಂದೇಶಕ್ಕೆ ಅಷ್ಟು ಗುಂಪು ಇಲ್ಲಿ ಬಿಡುವುದಿಲ್ಲ, ಶೋಧಕ ಬಾಗಿಲಲ್ಲೇ ತಡೆದಿದೆ.

ಗೆಳೆಯ ಇರುವ ಸರ್ವರ್‌ನಲ್ಲೂ ಒಂದು ಖಾತೆ ಮಾಡಿಕೊಂಡೆ, ರೀಡರ್‌ನಲ್ಲಿ ಎರಡನೆಯದಾಗಿ ಸೇರಿಸಿದೆ.

ಪೋರ್ಟ್119:
ಒಳ್ಳೆಯದು. ಎರಡಕ್ಕೂ ಬೇರೆ ಬೇರೆ ನ್ಯೂಸ್‌ಆರ್‌ಸಿ ಫೈಲ್ ಇದೆಯಾ ನೋಡಿಕೊಳ್ಳಿ. ಒಂದೇ ಫೈಲ್ ಆದರೆ ಎರಡು ಎಣಿಕೆ ಬೆರೆತು ಮತ್ತೆ ಇದೇ ರಾಮಾಯಣ.

ಹಳೇಓದುಗ:
ಬೇರೆ ಬೇರೆಯೇ ಇವೆ, ಮೊದಲು ಅದನ್ನೇ ನೋಡಿದೆ.

ನಿಧಾನಿ:
ಅದಿರಲಿ, ಆ ಐದನೇ ಉತ್ತರದಲ್ಲಿ ಏನಿತ್ತು?

ಹಳೇಓದುಗ:
ಒಂದೇ ಸಾಲು. 'ಕಂಪೈಲರ್‌ನ ಯಾವ ಆವೃತ್ತಿ ಬಳಸುತ್ತಿದ್ದೀರಿ?' ಅಷ್ಟೇ. ಉಳಿದವರೆಲ್ಲ ನಾನು ಅದನ್ನು ಹೇಳಲಿ ಅಂತ ಒಂಬತ್ತು ದಿನದಿಂದ ಕಾಯುತ್ತಿದ್ದಾರೆ. ಈಗ ಹೋಗಿ ಬರೆಯುತ್ತೇನೆ.

ತಂತಿಮನೆ:
ಒಂದೇ ಸಲ ಕಳಿಸಿ ಸರ್.